ಎಪ್ಸನ್ ಇಬಿ-ಎಕ್ಸ್05 ಪ್ರೊಜೆಕ್ಟರ್: ದಾವಣಗೆರೆಯ ದೂಳಿನಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಈ ಪ್ರೊಜೆಕ್ಟರ್ ಬಗ್ಗೆ ಚಿತ್ರ ಚೆನ್ನಾಗಿದೆಯಾ, ಬೆಳಕು ಸಾಕಾ ಎಂದು ಕೇಳುವವರೇ ಜಾಸ್ತಿ. ಅದಕ್ಕೆ ಉತ್ತರ ಚಿಕ್ಕದು. 3300 ಲ್ಯೂಮೆನ್ ಬೆಳಕಿದೆ, ಕಿಟಕಿಯ ಪರದೆ ಎಳೆದರೆ ಹಗಲಲ್ಲೂ ಅಕ್ಷರ ಓದಬಹುದು. ರೆಸಲ್ಯೂಷನ್ 1024×768. ಪಾಠದ ಸ್ಲೈಡಿಗೆ, ನಕ್ಷೆಗೆ ಅಷ್ಟು ಸಾಕು. ಸಿನಿಮಾ ನೋಡಲೆಂದೇ ಕೊಳ್ಳುವವರು ಬೇರೆ ಮಾದರಿ ನೋಡಲಿ. ಇಷ್ಟನ್ನು ಯಾವ ಅಂಗಡಿಯವರಾದರೂ ಹೇಳುತ್ತಾರೆ. ಕೊಂಡದ್ದನ್ನು ವರ್ಷಗಟ್ಟಲೆ ಉಳಿಸಿಕೊಳ್ಳುವುದು ಹೇಗೆ ಅಂತ ಹೇಳುವವರು ಕಡಿಮೆ. ಹಾಗಾಗಿ ಈ ವಿಮರ್ಶೆಯ ಬಹುಪಾಲು ಅದೇ ಇದೆ.

ನಮ್ಮ ಮನೆಯ ಕೆಳಗಿನ ಹಾಲ್‌ನಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಟ್ಯೂಷನ್ ನಡೆಸುತ್ತೇನೆ. ಪ್ರೊಜೆಕ್ಟರ್ ಅಲ್ಲೇ ಚಾವಣಿಗೆ ತೂಗಿದೆ. ಬೇಸಿಗೆ ರಜೆಯಲ್ಲಿ ಕೆಳಗಿಳಿಸಿ ಅಂಗಳಕ್ಕೆ ತರುತ್ತೇವೆ. ಕ್ರಿಕೆಟ್ ಇದ್ದರೆ ಓಣಿಯವರೆಲ್ಲ ಸೇರುತ್ತಾರೆ. ಊರಿನ ದೂಳು ಇದ್ದದ್ದೇ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದರೆ ಮಸಿಯೂ ಬರುತ್ತದೆ. ಹಾಲ್‌ನಲ್ಲಿ ಕರಿಹಲಗೆ ಇದ್ದಾಗ ಸೀಮೆಸುಣ್ಣದ ಪುಡಿ ಬೇರೆ. ಮಹಡಿಯ ಅಡುಗೆಮನೆಯಿಂದ ಒಗ್ಗರಣೆ ಹೊಗೆ, ಸಂಜೆ ಊದುಬತ್ತಿ, ಹಬ್ಬದ ದಿನ ಧೂಪ. ಇವೆಲ್ಲವೂ ಕೊನೆಗೆ ಹೋಗಿ ಕೂರುವ ಜಾಗ ಒಂದೇ: ಪ್ರೊಜೆಕ್ಟರ್‌ನ ಏರ್ ಫಿಲ್ಟರ್.

ನನ್ನ ಅನುಭವದಲ್ಲಿ ಜನ ತಪ್ಪದೆ ಒರೆಸುವುದು ಲೆನ್ಸನ್ನು, ತಪ್ಪದೆ ಮರೆಯುವುದು ಫಿಲ್ಟರನ್ನು. ಆಗಬೇಕಾದ್ದು ಇದರ ತದ್ವಿರುದ್ಧ.

ಯಾಕೆ ಅಂತ ಹೇಳುತ್ತೇನೆ. ಒಳಗೆ ಉರಿಯುವುದು ಪಾದರಸದ ಆವಿ ತುಂಬಿದ ಲ್ಯಾಂಪ್. ಅದರ ಬಿಸಿ ತುಂಬಾ ಜೋರು. ಲ್ಯಾಂಪಿನ ಬೆಳಕನ್ನು ಕೆಂಪು, ಹಸಿರು, ನೀಲಿ ಎಂದು ಮೂರು ಪಾಲು ಮಾಡಿ, ಒಂದೊಂದು ಪಾಲನ್ನು ಒಂದೊಂದು ಪುಟ್ಟ ಎಲ್‌ಸಿಡಿ ಗಾಜಿನ ಮೂಲಕ ಹಾಯಿಸಿ, ಪ್ರಿಸಂನಲ್ಲಿ ಮತ್ತೆ ಕೂಡಿಸಿ ಗೋಡೆಗೆ ಬಿಡುತ್ತಾರೆ. 3ಎಲ್‌ಸಿಡಿ ಅಂದರೆ ಇದೇ. ಈ ಗಾಜುಗಳಿಗೂ ಅವುಗಳ ಪಕ್ಕದಲ್ಲಿ ಬೆಳಕನ್ನು ಸೋಸುವ ಪೋಲರೈಸರ್ ಹಾಳೆಗಳಿಗೂ ಬಿಸಿ ಆಗಿಬರುವುದಿಲ್ಲ. ಅವನ್ನು ತಂಪಾಗಿಡುವುದು ಫ್ಯಾನ್ ಎಳೆದು ತರುವ ಹೊರಗಿನ ಗಾಳಿ. ಆ ಗಾಳಿ ಫಿಲ್ಟರ್ ದಾಟಿಯೇ ಒಳಗೆ ಬರಬೇಕು. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಕಡಿಮೆಯಾಗುತ್ತದೆ, ಬಿಸಿ ಏರುತ್ತದೆ, ಲ್ಯಾಂಪಿನ ಆಯಸ್ಸು ಕುಗ್ಗುತ್ತದೆ. ಬಹಳ ದಿನ ಹೀಗೇ ಓಡಿಸಿದರೆ ನೀಲಿ ಬೆಳಕಿನ ದಾರಿ ಮೊದಲು ಸೋಲುತ್ತದೆ. ಬಿಳಿ ಇರಬೇಕಾದ ಕಡೆ ಹಳದಿ ಕಲೆ ಕಾಣಿಸಿಕೊಳ್ಳುತ್ತದೆ. ಅದನ್ನು ಯಾವ ಬಟ್ಟೆಯಿಂದಲೂ ಒರೆಸಲಾಗುವುದಿಲ್ಲ.

ಫಿಲ್ಟರ್ ಕಟ್ಟಿದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಫ್ಯಾನಿನ ಸದ್ದು ಜಾಸ್ತಿಯಾಗುತ್ತದೆ. ಅದಕ್ಕೂ ಗಮನ ಕೊಡದಿದ್ದರೆ ಟೆಂಪ್ ದೀಪ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ, ಬಿಸಿ ಹೆಚ್ಚಾಗಿದೆ ಎಂಬ ಸಂದೇಶ ಪರದೆ ಮೇಲೆ ಬರುತ್ತದೆ. ಅಲ್ಲಿಗೂ ಬಿಟ್ಟರೆ ಪ್ರೊಜೆಕ್ಟರ್ ತಾನಾಗಿ ಆರಿಹೋಗುತ್ತದೆ. ಸಂದೇಶ ಬರುವವರೆಗೆ ಕಾಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಆ ಹೊತ್ತಿಗೆ ಒಳಗಿನ ಗಾಜು ಎಷ್ಟೋ ಗಂಟೆ ಬಿಸಿಯಲ್ಲಿ ಬೆಂದಿರುತ್ತದೆ.

ಮೂರು ತಿಂಗಳಿಗೊಮ್ಮೆ ಫಿಲ್ಟರ್ ಸ್ವಚ್ಛ ಮಾಡಿ, ದೂಳಿನ ಜಾಗವಾದರೆ ಇನ್ನೂ ಬೇಗ ಮಾಡಿ ಎಂದು ಕಂಪನಿಯ ಕೈಪಿಡಿ ಹೇಳುತ್ತದೆ. ನಮ್ಮಲ್ಲಿ ತಿಂಗಳಿಗೊಮ್ಮೆ ಬೇಕೇ ಬೇಕು. ಕೆಲಸ ಸುಲಭ. ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಪೂರ್ತಿ ತಣ್ಣಗಾಗಲು ಬಿಡುತ್ತೇನೆ. ಮುಚ್ಚಳ ತೆರೆಯುವ ಮುಂಚೆ ಅದರ ಮೇಲಿನ ದೂಳನ್ನು ಒರೆಸುತ್ತೇನೆ, ಇಲ್ಲದಿದ್ದರೆ ತೆರೆದ ಕೂಡಲೇ ಅದೇ ಒಳಗೆ ಬೀಳುತ್ತದೆ. ಫಿಲ್ಟರನ್ನು ಹೊರಗೆ ಅಂಗಳಕ್ಕೆ ಒಯ್ದು, ಮೂಗಿಗೆ ಮಾಸ್ಕ್ ಹಾಕಿಕೊಂಡು, ಮೆಲ್ಲಗೆ ನಾಲ್ಕೈದು ಸಲ ತಟ್ಟಿ ಉದುರಿಸುತ್ತೇನೆ. ಉಳಿದದ್ದನ್ನು ತೀರಾ ಮೃದುವಾದ ಬ್ರಷ್‌ನಿಂದ ತೆಗೆಯುತ್ತೇನೆ. ಕಂಪ್ಯೂಟರ್‌ಗೆಂದು ಬರುವ ಸಣ್ಣ ವ್ಯಾಕ್ಯೂಮ್ ಇದ್ದರೆ ಇನ್ನೂ ಒಳ್ಳೆಯದು.

ನೀರಲ್ಲಿ ಅದ್ದಬಾರದು, ಸೋಪು ಹಾಕಬಾರದು. ಎಸಿ ಫಿಲ್ಟರ್ ತೊಳೆಯುತ್ತೇವಲ್ಲ, ಇದನ್ನೂ ತೊಳೆದರೇನು ಅಂತ ಅನ್ನಿಸುವುದು ಸಹಜ. ಈ ಫಿಲ್ಟರ್ ಹಾಗೆ ತೊಳೆಯಲು ಮಾಡಿದ್ದಲ್ಲ. ಬೇರೆ ಕೆಲವು ಮಾದರಿಗಳಲ್ಲಿ ತೊಳೆಯುವ ಫಿಲ್ಟರ್ ಇರಬಹುದು, ನಿಮ್ಮ ಕೈಪಿಡಿ ನೋಡಿಕೊಳ್ಳಿ. ಒಗ್ಗರಣೆ ಹೊಗೆಯ ಎಣ್ಣೆ ಜಿಡ್ಡು ಸೇರಿದ ದೂಳು ಮಾತ್ರ ತಟ್ಟಿದರೂ ಬೀಳುವುದಿಲ್ಲ. ಬೂದು ಬಣ್ಣ ಹೋಗಿ ಕಂದು ಅಂಟಾದರೆ ಫಿಲ್ಟರನ್ನೇ ಬದಲಿಸಬೇಕು. ಈ ಮಾದರಿಗೆ ಆಗುವ ಫಿಲ್ಟರ್‌ನ ಸಂಖ್ಯೆ ಇಎಲ್‌ಪಿಎಎಫ್32. ಲ್ಯಾಂಪಿನ ಬೆಲೆಗೆ ಹೋಲಿಸಿದರೆ ಇದರ ಬೆಲೆ ಏನೂ ಅಲ್ಲ. ಒಂದು ಹೆಚ್ಚುವರಿ ಫಿಲ್ಟರ್ ಮನೆಯಲ್ಲಿ ಇಟ್ಟುಕೊಂಡಿರುತ್ತೇನೆ.

ಇಷ್ಟು ವರ್ಷದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಬದಲಾವಣೆ ಪ್ರೊಜೆಕ್ಟರ್‌ಗೆ ಮಾಡಿದ್ದೇ ಅಲ್ಲ. ಕರಿಹಲಗೆ ತೆಗೆಸಿ ಮಾರ್ಕರ್‌ನಲ್ಲಿ ಬರೆಯುವ ಬಿಳಿ ಹಲಗೆ ಹಾಕಿಸಿದೆ. ಫಿಲ್ಟರ್‌ನಲ್ಲಿ ಕೂರುತ್ತಿದ್ದ ಬಿಳಿ ಪುಡಿ ನಿಂತೇಹೋಯಿತು. ಶಾಲೆಯಲ್ಲಿ ಪ್ರೊಜೆಕ್ಟರ್ ಹಾಕಿಸುವ ಮೇಷ್ಟ್ರುಗಳು ಇದನ್ನು ಮೊದಲು ಯೋಚಿಸಲಿ. ಹಲಗೆಯ ಪಕ್ಕದಲ್ಲೇ ಡಸ್ಟರ್ ಬಡಿಯುವ ಜಾಗದಲ್ಲಿ ಪ್ರೊಜೆಕ್ಟರ್ ತೂಗಿದ ತರಗತಿಗಳನ್ನು ನೋಡಿದಾಗ ಸಂಕಟವಾಗುತ್ತದೆ.

ಇನ್ನು ಲೆನ್ಸ್. ಅದರ ಮುಂಭಾಗದ ಮೇಲೆ ಒಂದೆರಡು ದೂಳಿನ ಕಣ ಕೂತರೆ ಚಿತ್ರದಲ್ಲಿ ಕಾಣುವುದೇ ಇಲ್ಲ, ಏಕೆಂದರೆ ಆ ಜಾಗ ಫೋಕಸ್‌ನಲ್ಲಿ ಇರುವುದಿಲ್ಲ. ತುಂಬಾ ದೂಳು ಕೂತಾಗ ಚಿತ್ರ ಸ್ವಲ್ಪ ಮಂಕಾಗುತ್ತದೆ, ಅಷ್ಟೆ. ಆದರೆ ಒಣ ಬಟ್ಟೆಯಿಂದ ತಿಕ್ಕಿದ ಗೀರು ಶಾಶ್ವತ. ಮರಳಿನ ಕಣ ಲೆನ್ಸಿನ ಮೇಲಿನ ಲೇಪನಕ್ಕಿಂತ ಗಟ್ಟಿ. ಆದ್ದರಿಂದ ಮೊದಲು ರಬ್ಬರ್ ಬ್ಲೋವರ್‌ನಿಂದ ಗಾಳಿ ಬಿಟ್ಟು ಕಣ ಹಾರಿಸಬೇಕು. ಕ್ಯಾಮೆರಾ ಅಂಗಡಿಯಲ್ಲಿ ಸಿಗುತ್ತದೆ. ಬೆರಳಚ್ಚೋ ಜಿಡ್ಡೋ ಇದ್ದರೆ ಮಾತ್ರ ಲೆನ್ಸ್ ಕ್ಲೀನರ್ ಹನಿಯನ್ನು ಬಟ್ಟೆಗೆ ಹಾಕಿ, ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ಒರೆಸಬೇಕು. ಲೆನ್ಸಿನ ಮೇಲೆ ನೇರ ಸಿಂಪಡಿಸಿದರೆ ದ್ರವ ಅಂಚಿನಿಂದ ಒಳಗೆ ಇಳಿಯುತ್ತದೆ. ಕಿಟಕಿ ಒರೆಸುವ ನೀಲಿ ದ್ರವ, ಸ್ಯಾನಿಟೈಸರ್, ಥಿನ್ನರ್ ಯಾವುದೂ ಬೇಡ. ಬಿಸಿ ಇರುವಾಗಲೂ ಒರೆಸಬಾರದು.

ಈ ಮಾದರಿಯಲ್ಲಿ ಲೆನ್ಸಿನ ಮುಂದೆ ಸರಿಸುವ ಮುಚ್ಚಳವಿದೆ. ಪಾಠದ ನಡುವೆ ಚಿತ್ರ ಮರೆಮಾಡಲು ಅದನ್ನು ಸರಿಸಿದರೆ ಸಾಕು, ತುಂಬಾ ಅನುಕೂಲ. ಆದರೆ ಮುಚ್ಚಿದರೂ ಒಳಗೆ ಲ್ಯಾಂಪ್ ಉರಿಯುತ್ತಲೇ ಇರುತ್ತದೆ, 30 ನಿಮಿಷ ಹಾಗೇ ಇದ್ದರೆ ತಾನಾಗಿ ಆರುತ್ತದೆ. ಊಟಕ್ಕೆ ಹೋಗುವಾಗ ಮುಚ್ಚಳ ಸರಿಸಿ ಹೋಗುವ ಬದಲು ಆಫ್ ಮಾಡಿ ಹೋಗಿ.

ಹಾಗಾದರೆ ಪರದೆ ಮೇಲೆ ಕಾಣುವ ಕಲೆ ಎಲ್ಲಿಯದು? ಇದನ್ನು ಪತ್ತೆ ಮಾಡಲು ಒಂದು ಸುಲಭ ದಾರಿಯಿದೆ. ಪೂರ್ತಿ ಕಪ್ಪು ಸ್ಲೈಡ್ ಹಾಕಿ, ಕೋಣೆ ಕತ್ತಲು ಮಾಡಿ, ಫೋಕಸ್ ಉಂಗುರವನ್ನು ನಿಧಾನಕ್ಕೆ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಒಳಗಿನ ಎಲ್‌ಸಿಡಿ ಗಾಜಿನ ಹತ್ತಿರ ದೂಳು ಕೂತಿದ್ದರೆ, ಹಸಿರೋ ನೀಲಿಯೋ ಕೆಂಪೋ ಆದ ಒಂದು ಮಬ್ಬು ಉಂಡೆ ಕಾಣುತ್ತದೆ. ಫೋಕಸ್ ಎಲ್ಲೋ ಒಂದು ಕಡೆ ಬಂದಾಗ ಅದೇ ಉಂಡೆ ಚೂಪಾಗಿ, ಎಳೆಯ ರೂಪ ತಾಳುತ್ತದೆ. ಉಂಡೆಯ ಬಣ್ಣ ನೋಡಿದರೆ ಮೂರರಲ್ಲಿ ಯಾವ ಬಣ್ಣದ ದಾರಿಯಲ್ಲಿ ದೂಳಿದೆ ಎಂಬುದೂ ಗೊತ್ತಾಗುತ್ತದೆ. ಹಾಗೆ ಕಂಡರೆ ಲೆನ್ಸನ್ನು ಸುಮ್ನೆ ತಿಕ್ಕಿ ಉಪಯೋಗವಿಲ್ಲ.

ನನ್ನದರಲ್ಲೂ ಬೇಸಿಗೆಯೊಂದರಲ್ಲಿ ಹಸಿರು ಉಂಡೆ ಬಂತು. ಅಂಗಳದ ಮಣ್ಣಿನ ಕೃಪೆ. ಒಬ್ಬ ರಿಪೇರಿಯವರು ನೋಡಿ, ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ಹೊಡೆಸೋಣ ಅಂದರು. ನಾನು ಒಪ್ಪಲಿಲ್ಲ. ಆ ಗಾಳಿಯಲ್ಲಿ ನೀರಿನ ಅಂಶವೂ ಎಣ್ಣೆಯ ತುಂತುರೂ ಇರುತ್ತದೆ. ಒತ್ತಡಕ್ಕೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಹೊರಗಿನ ದೂಳು ಗಾಜುಗಳ ಸಂದಿಗೆ ಇನ್ನೂ ಆಳವಾಗಿ ಹೋಗಿ ಕೂರುತ್ತದೆ. ಡಬ್ಬಿಯಲ್ಲಿ ಬರುವ ಸ್ಪ್ರೇ ಗಾಳಿಯೂ ಬೇಡ ಎಂದು ಕೈಪಿಡಿಯೇ ಹೇಳುತ್ತದೆ. ಅದರ ಅನಿಲ ಬೆಂಕಿ ಹತ್ತುವ ಅಂಶವನ್ನು ಒಳಗೆ ಉಳಿಸಬಹುದು, ಮತ್ತೆ ಉರಿಯುವ ಲ್ಯಾಂಪ್ ಪಕ್ಕದಲ್ಲೇ ಇದೆ ಅಲ್ವಾ. ಕೊನೆಗೆ ಸರ್ವೀಸ್ ಸೆಂಟರ್‌ಗೆ ಒಯ್ದೆ. ನನ್ನನ್ನು ಕಾಯಿಸಿದರು, ಆದರೆ ಬಿಚ್ಚಿ ಸ್ವಚ್ಛ ಮಾಡಿ ಕೊಟ್ಟರು. ಉಂಡೆ ಹೋಯಿತು. ಈ ಒಂದು ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ. ಮೂರು ಗಾಜುಗಳು ಕೂದಲೆಳೆಯಷ್ಟು ಅಲುಗಿದರೂ ಬಣ್ಣಗಳು ಒಂದರ ಮೇಲೊಂದು ಕೂರದೆ ಅಕ್ಷರದ ಸುತ್ತ ಬಣ್ಣದ ಅಂಚು ಬರುತ್ತದೆ.

ಪುಟ್ಟ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ ಡಿಎಲ್‌ಪಿ ಜಾತಿಯ ಪ್ರೊಜೆಕ್ಟರ್‌ಗಳಲ್ಲಿ ಬೆಳಕಿನ ದಾರಿ ಹೆಚ್ಚಾಗಿ ಮುಚ್ಚಿರುತ್ತದೆ, ಈ ಉಂಡೆಯ ಕಾಟ ಕಡಿಮೆ. ಅವುಗಳಲ್ಲಿ ಬರುವ ಸಣ್ಣ ಬಿಳಿ ಚುಕ್ಕೆಗಳು ದೂಳಲ್ಲ, ಚಿಪ್‌ನಲ್ಲಿ ಕೆಟ್ಟ ಪುಟ್ಟ ಕನ್ನಡಿಗಳು.

ಲ್ಯಾಂಪಿನ ವಿಷಯಕ್ಕೆ ಬರೋಣ. ಸಾಮಾನ್ಯ ಮೋಡ್‌ನಲ್ಲಿ 6000 ಗಂಟೆ, ಬೆಳಕು ತಗ್ಗಿಸುವ ಇಕೋ ಮೋಡ್‌ನಲ್ಲಿ 10000 ಗಂಟೆ ಎಂದು ಕಂಪನಿ ಹೇಳುತ್ತದೆ. ಅಷ್ಟೂ ಗಂಟೆ ಹೊಸದರ ಬೆಳಕೇ ಇರುತ್ತದೆ ಎಂದಲ್ಲ. ಇಂಥ ಲ್ಯಾಂಪ್‌ಗಳ ಬೆಳಕು ಗಂಟೆ ಕಳೆದಂತೆ ಇಳಿಯುತ್ತಾ ಹೋಗುತ್ತದೆ. ಸಂಜೆಯ ತರಗತಿಗೆ ಇಕೋ ಮೋಡ್ ಸಾಕಾಗುತ್ತದೆ. ಬಿಸಿಯೂ ಕಡಿಮೆ, ಸದ್ದೂ ಕಡಿಮೆ. ನಾನು ಹಗಲಿಗೆ ಮಾತ್ರ ಪೂರ್ತಿ ಬೆಳಕು ಹಾಕುತ್ತೇನೆ.

ಬದಲಿಸುವಾಗ ಎಚ್ಚರ ಬೇಕು. ಆಫ್ ಮಾಡಿ ಕನಿಷ್ಠ ಒಂದು ಗಂಟೆ ತಣ್ಣಗಾಗಲು ಬಿಡಬೇಕು. ಹೊಸ ಲ್ಯಾಂಪಿನ ಗಾಜನ್ನು ಬೆರಳಿನಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಬಿಸಿಗೆ ಹಾಳಾಗುತ್ತದೆ. ಚಾವಣಿಗೆ ತೂಗಿದ್ದರೆ ಲ್ಯಾಂಪ್ ಒಡೆದೇ ಇದೆ ಎಂದುಕೊಂಡು ಕೆಲಸ ಮಾಡಿ. ಮುಚ್ಚಳದ ನೇರ ಕೆಳಗೆ ನಿಲ್ಲದೆ ಪಕ್ಕದಲ್ಲಿ ನಿಲ್ಲಿ, ಕಣ್ಣಿಗೆ ಕನ್ನಡಕ ಇರಲಿ. ಓಡುತ್ತಿರುವಾಗಲೇ ಲ್ಯಾಂಪ್ ಪಟ್ ಎಂದು ಒಡೆದರೆ ಪ್ಲಗ್ ತೆಗೆದು, ಕಿಟಕಿ ಬಾಗಿಲು ತೆರೆದು, ಮಕ್ಕಳನ್ನು ಹೊರಗೆ ಕಳಿಸಬೇಕು. ಒಳಗಿರುವುದು ಪಾದರಸ. ಹಳೇ ಲ್ಯಾಂಪನ್ನು ಕಸದ ಗಾಡಿಗೆ ಹಾಕಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಅರ್ಧ ಬೆಲೆಗೆ ಸಿಗುವ ಡೂಪ್ಲಿಕೇಟ್ ಲ್ಯಾಂಪ್ ಬಗ್ಗೆ ಒಂದು ಮಾತು. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರ ಅಸಲಿ ಎಂದು ಹೇಳಿ ಕಳಿಸಿದ್ದು, ಹಳೇ ಚೌಕಟ್ಟಿಗೆ ಬೇರೆ ಬಲ್ಬ್ ಕೂರಿಸಿದ್ದಾಗಿತ್ತು. ಬೆಳಕು ನಡುಗುತ್ತಿತ್ತು, ಮೂಲೆಗಳು ಕಪ್ಪಗಿದ್ದವು. ವಾಪಸ್ ಕಳಿಸಿ ಅಸಲಿ ಲ್ಯಾಂಪ್ (ಸಂಖ್ಯೆ ಇಎಲ್‌ಪಿಎಲ್‌ಪಿ96) ತರಿಸಿದೆ. ದುಬಾರಿ ನಿಜ. ಕೊಳ್ಳುವ ದಿನವೇ ಲ್ಯಾಂಪಿನ ಬೆಲೆ ವಿಚಾರಿಸಿ, ಪ್ರೊಜೆಕ್ಟರ್ ಬೆಲೆಗೆ ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಕರೆಂಟ್ ಹೋಗುವುದು ನಮ್ಮ ಕಡೆ ಬೇಸಿಗೆಯಲ್ಲಿ ಮಾಮೂಲು. ಕರೆಂಟ್ ಹೋದ ಕ್ಷಣಕ್ಕೆ ಲ್ಯಾಂಪಿನ ಜೊತೆ ಫ್ಯಾನೂ ನಿಲ್ಲುತ್ತದೆ, ಬಿಸಿ ಒಳಗೇ ಉಳಿಯುತ್ತದೆ. ಅದಕ್ಕೇ ಒಂದು ಯುಪಿಎಸ್‌ಗೆ ಜೋಡಿಸಿದ್ದೇನೆ. ಪಾಠ ಮುಂದುವರಿಸಲು ಅದನ್ನು ಬಳಸುವುದಿಲ್ಲ, ಸರಿಯಾಗಿ ಆಫ್ ಮಾಡಿ ಫ್ಯಾನ್ ತಾನಾಗಿ ನಿಲ್ಲುವವರೆಗೆ ಓಡಲಿ ಎಂದಷ್ಟೇ. ಕರೆಂಟ್ ಬಂದ ಕೂಡಲೇ ಬಿಸಿ ಲ್ಯಾಂಪನ್ನು ಮತ್ತೆ ಹಚ್ಚುವುದೂ ಒಳ್ಳೆಯದಲ್ಲ. ಹತ್ತು ನಿಮಿಷ ಮಕ್ಕಳಿಗೆ ಲೆಕ್ಕ ಕೊಟ್ಟು ಕೂರಿಸುತ್ತೇನೆ.

ಮೆನುವಿನಲ್ಲಿ ಎತ್ತರದ ಜಾಗದ ಮೋಡ್ ಒಂದಿದೆ. 1500 ಮೀಟರ್‌ಗಿಂತ ಮೇಲೆ ಗಾಳಿ ತೆಳುವಾದ್ದರಿಂದ ಫ್ಯಾನ್ ಜೋರಾಗಿ ತಿರುಗಿಸಲು ಅದು. ದಾವಣಗೆರೆ, ಬೆಂಗಳೂರು, ಮಡಿಕೇರಿ ಎಲ್ಲವೂ ಅದಕ್ಕಿಂತ ಕೆಳಗಿವೆ, ಮುಟ್ಟುವ ಅಗತ್ಯವಿಲ್ಲ. ಊಟಿಯಲ್ಲಿ ಮನೆಯಿದ್ದರೆ ಹಾಕಿಕೊಳ್ಳಿ.

ಚಾವಣಿಯ ಪ್ರೊಜೆಕ್ಟರ್‌ಗೆ ಹಲ್ಲಿ, ಇರುವೆ, ಜೇಡ ಮೂರೂ ಬರುತ್ತವೆ. ಬೆಚ್ಚಗಿನ ಜಾಗ ಅವಕ್ಕೆ ಇಷ್ಟ. ಕೀಟನಾಶಕ ಸ್ಪ್ರೇ ಅದರ ಹತ್ತಿರ ಹೊಡೆಯಲೇಬಾರದು, ಬೆಂಕಿಯ ಭಯವಿದೆ. ತಣ್ಣಗಾದ ಮೇಲೆ ಒಂದು ಬಟ್ಟೆ ಚೀಲ ಹೊದಿಸುತ್ತೇನೆ, ಹಚ್ಚುವ ಮುಂಚೆ ತೆಗೆಯುತ್ತೇನೆ. ಕುಂದಾಪುರದ ನಮ್ಮ ತಂಗಿ ಮನೆಯಲ್ಲಿ ಸಮಸ್ಯೆ ಬೇರೆ: ಅಲ್ಲಿ ದೂಳಿಲ್ಲ, ಮಳೆಗಾಲದ ತೇವವಿದೆ. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಲೆನ್ಸಿನಲ್ಲಿ ಬೂಸು ಹಿಡಿಯುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ ಎಂದು ಅವಳಿಗೆ ಹೇಳಿದ್ದೇನೆ. ಹಾಗೇ ಮಾಡುತ್ತಿದ್ದಾಳೆ, ಅವಳದೂ ಚೆನ್ನಾಗಿದೆ.

ಈ ಮಾದರಿಯನ್ನು ಈಗ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ ಎಂದು ಕೆಲವರು ಕೇಳಿದ್ದಾರೆ. ಪಾಠಕ್ಕಾದರೆ ಧಾರಾಳವಾಗಿ ಕೊಳ್ಳಿ. ಮೆನುವಿನ ಲ್ಯಾಂಪ್ ಗಂಟೆಯನ್ನು ಮಾತ್ರ ನಂಬಬೇಡಿ. ಲ್ಯಾಂಪ್ ಬದಲಿಸಿದಾಗ ಅದನ್ನು ಸೊನ್ನೆ ಮಾಡುವ ಸೌಲಭ್ಯ ಇದೆ, ಬದಲಿಸದೆಯೂ ಸೊನ್ನೆ ಮಾಡಬಹುದು. ಬಿಳಿ ಸ್ಲೈಡ್ ಹಾಕಿ ಹಳದಿ ಕಲೆ ಇದೆಯಾ ನೋಡಿ, ಕಪ್ಪು ಸ್ಲೈಡ್ ಹಾಕಿ ಫೋಕಸ್ ತಿರುಗಿಸಿ ನೋಡಿ. ಅರ್ಧ ಗಂಟೆ ಓಡಿಸಿ ಫ್ಯಾನಿನ ಸದ್ದು ಕೇಳಿ. ಆಮೇಲೆ ಫಿಲ್ಟರ್ ಮುಚ್ಚಳ ತೆರೆಸಿ. ಫಿಲ್ಟರ್ ಕಂದು ಅಂಟಾಗಿದ್ದರೆ, ಅಥವಾ ಫಿಲ್ಟರೇ ಇಲ್ಲದೆ ಓಡಿಸಿದ್ದರೆ, ಎಷ್ಟು ಕಡಿಮೆಗೆ ಕೊಟ್ಟರೂ ಬಿಟ್ಟು ಬನ್ನಿ.