ಇವಿ (ಎಲೆಕ್ಟ್ರಿಕ್ ಕಾರು) ಇಟ್ಟುಕೊಂಡಿರುವವರು ಓದಿ: ಮೀಟರ್‌ನಲ್ಲಿ 14.2 ಬಂದರೆ ಬ್ಯಾಟರಿ ಸರಿ ಇದೆ ಅಂತ ಅಲ್ಲ

ಮೊದಲೇ ಹೇಳಿಬಿಡುತ್ತೇನೆ. ಇವಿಯಲ್ಲಿ ಕಾರು ಓಡಿಸುವ ದೊಡ್ಡ ಬ್ಯಾಟರಿ ಅಲ್ಲದೆ 12 ವೋಲ್ಟ್‌ನ ಸಣ್ಣ ಬ್ಯಾಟರಿಯೂ ಒಂದಿರುತ್ತೆ. ಕಾರು ಆನ್ ಇರುವಾಗ ಅದಕ್ಕೆ ಮೀಟರ್ ಹಿಡಿದು "ನೋಡಿ, ಚೆನ್ನಾಗಿದೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಂಬಿದೆ. ನಂಬಿ, ತಲೆ ಆಡಿಸಿ, ದುಡ್ಡು ಕೊಟ್ಟು, ಮೇಲಿಂದ ಥ್ಯಾಂಕ್ಸ್ ಬೇರೆ ಹೇಳಿ ಬಂದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಕಾರಿಗೆ ನಾಲ್ಕು ವರ್ಷ ಆಗಿತ್ತು. ಒಂದು ಬೆಳಿಗ್ಗೆ ಆನ್ ಮಾಡಿದರೆ ಡ್ಯಾಶ್‌ಬೋರ್ಡ್ ತುಂಬಾ ದೀಪ. ಎಬಿಎಸ್, ಪವರ್ ಸ್ಟೀರಿಂಗ್, ಏರ್‌ಬ್ಯಾಗ್, ಒಂದಕ್ಕೊಂದು ಸಂಬಂಧವೇ ಇಲ್ಲ. ಆಫ್ ಮಾಡಿ ಮತ್ತೆ ಆನ್ ಮಾಡಿದೆ, ಎಲ್ಲ ಮಾಯ. ಎರಡು ದಿನ ಬಿಟ್ಟು ಮತ್ತೆ ಬಂತು. ಒಂದು ಸಲ ಲಾಕ್ ಬಟನ್ ಒತ್ತಿದರೆ ಮೂರು ಬಾಗಿಲು ಲಾಕ್ ಆಗಿ ನಾಲ್ಕನೆಯದು ಆಗಲಿಲ್ಲ. ಸರ್ವೀಸ್ ಸೆಂಟರ್‌ಗೆ ತಗೊಂಡು ಹೋದೆ.

ಹೋಗುವಾಗಲೇ ನಾನು ಕೇಳಿದ್ದೆ, ಇದನ್ನು ಗಮನಿಸಿ. "ಸಣ್ಣ ಬ್ಯಾಟರಿ ವೀಕ್ ಆಗಿರಬಹುದಾ?" ಅಂತ. ಪೂರ್ತಿ ದಡ್ಡಿ ಏನಲ್ಲ ನಾನು. ಅಲ್ಲಿದ್ದ ಅಡ್ವೈಸರ್ ನಕ್ಕರು. "ಮೇಡಂ, ಇದು ಪೆಟ್ರೋಲ್ ಕಾರ್ ಅಲ್ಲ, ಇವಿ. ಇದರಲ್ಲಿ ಆ ಸಮಸ್ಯೆ ಬರಲ್ಲ. ಆದ್ರೂ ನಿಮ್ಮ ಸಮಾಧಾನಕ್ಕೆ ಚೆಕ್ ಮಾಡ್ಸೋಣ." ಒಬ್ಬ ಹುಡುಗ ಬಂದ. ಬಾನೆಟ್ ಎತ್ತಿದ. ನನಗೇ ಕಾರು ಆನ್ ಮಾಡಲು ಹೇಳಿದ. ಕೆಂಪು ಕಡ್ಡಿ ಒಂದು ಟರ್ಮಿನಲ್‌ಗೆ, ಕಪ್ಪು ಕಡ್ಡಿ ಇನ್ನೊಂದಕ್ಕೆ. ಆ ಕಪ್ಪು ಕಡೆಯ ಟರ್ಮಿನಲ್ ಮೇಲೆ ಬಿಳಿ ಪುಡಿ ಉಪ್ಪಿನ ಹಾಗೆ ಕಟ್ಟಿಕೊಂಡಿತ್ತು, ಅದನ್ನು ಬೆರಳಲ್ಲಿ ಒರೆಸಿ ಕಡ್ಡಿ ಇಟ್ಟ. ಮೀಟರ್ ನನ್ನ ಕಡೆ ತಿರುಗಿಸಿದ. 14.2.

"ನೋಡಿ ಮೇಡಂ, ಹನ್ನೆರಡರ ಬ್ಯಾಟರಿ, ಹದಿನಾಲ್ಕು ಕೊಡ್ತಿದೆ. ಸೂಪರ್ ಕಂಡೀಷನ್."

ನಾನು ಫೋಟೋ ತೆಗೆದೆ. ತೆಗೆದು ತಮ್ಮನಿಗೆ ಕಳಿಸಿದೆ, "ಬ್ಯಾಟರಿ ಅಲ್ಲವಂತೆ" ಅಂತ. ಆ ಫೋಟೋ ಕಥೆ ಮುಂದೆ ಬರುತ್ತೆ.

ಸಾಫ್ಟ್‌ವೇರ್ ತೊಂದರೆ ಅಂದರು. ಅಪ್‌ಡೇಟ್ ಮಾಡಿದರು, "ಸಿಸ್ಟಂ ರೀಸೆಟ್" ಅಂತ ಬಿಲ್ ಹಾಕಿದರು. ದೀಪಗಳೆಲ್ಲ ಹೋದವು. ಹೋಗಲೇಬೇಕು, ಆ ದಿನ ಪೂರ್ತಿ ಕಾರು ಆನ್ ಇತ್ತು, ಆ ಸಣ್ಣ ಬ್ಯಾಟರಿಗೆ ಅಷ್ಟೊತ್ತು ಚಾರ್ಜ್ ಸಿಕ್ಕಿತ್ತು. ಇದು ನನಗೆ ಆಮೇಲೆ ಗೊತ್ತಾಗಿದ್ದು.

ಹನ್ನೊಂದು ದಿನ. ಹನ್ನೆರಡನೇ ದಿನ ಬೆಳಿಗ್ಗೆ ಬೇಸ್‌ಮೆಂಟ್‌ಗೆ ಇಳಿದರೆ ಕಾರು ಸತ್ತು ಮಲಗಿತ್ತು. ಕೀ ಒತ್ತಿದರೆ ಏನೂ ಇಲ್ಲ. ಆ್ಯಪ್ ತೆರೆದರೆ ರಾತ್ರಿಯ ಅಂಕೆ ತೋರಿಸುತ್ತಿದೆ: 78 ಪರ್ಸೆಂಟ್. ದೊಡ್ಡ ಬ್ಯಾಟರಿಯಲ್ಲಿ 78 ಪರ್ಸೆಂಟ್ ಚಾರ್ಜ್ ಇಟ್ಟುಕೊಂಡು ಬಾಗಿಲು ತೆಗೆಯಲು ಆಗದ ಕಾರು! ಕೀ ಒಳಗೆ ಅಡಗಿಸಿಟ್ಟಿರುವ ಕಬ್ಬಿಣದ ಕೀ ಎಳೆದು, ಹ್ಯಾಂಡಲ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಉಗುರಲ್ಲಿ ಕಿತ್ತು, ತೂತು ಹುಡುಕಿ, ಅಂತೂ ಒಳಗೆ ಹೋದೆ. ಸ್ಕ್ರೀನ್ ಕಪ್ಪು. ಎಲ್ಲೋ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ರಿಲೇ ಸದ್ದು, ಅಷ್ಟೇ.

ಯಾಕೆ ಹೀಗೆ ಅಂದರೆ, ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ದಪ್ಪ ಸ್ವಿಚ್‌ಗಳಿವೆ, ಕಾಂಟ್ಯಾಕ್ಟರ್ ಅಂತಾರೆ. ಅವು ಕೂಡಿಕೊಳ್ಳಬೇಕಾದರೆ ಈ 12 ವೋಲ್ಟ್ ಬೇಕು. ಕಾರಿನ ಕಂಪ್ಯೂಟರ್‌ಗಳು ಏಳಬೇಕಾದರೂ ಅದೇ ಬೇಕು. ಸಣ್ಣದು ಸತ್ತರೆ ದೊಡ್ಡದು ಇದ್ದೂ ಇಲ್ಲದ ಹಾಗೆ. ಪೆಟ್ರೋಲ್ ಕಾರಾದರೆ ಬ್ಯಾಟರಿ ಇಳಿಯುತ್ತಾ ಬಂದಾಗ ಸೆಲ್ಫ್ ಎಳೆಯುತ್ತೆ, ನರಳುತ್ತೆ, ನಮಗೂ ಗೊತ್ತಾಗುತ್ತೆ. ಇವಿಯಲ್ಲಿ ಸೆಲ್ಫ್ ಇಲ್ಲ, ನರಳುವುದೂ ಇಲ್ಲ. ಕಂಪ್ಯೂಟರ್‌ಗಳನ್ನು ಎಬ್ಬಿಸುವಷ್ಟು ಜೀವ ಇರುವ ತನಕ ಸುಮ್ನೆ ಓಡುತ್ತಿರುತ್ತೆ, ಆಮೇಲೆ ಒಂದು ದಿನ ಇಲ್ಲ.

ಟೋಯಿಂಗ್‌ಗೆ ಫೋನ್ ಮಾಡಿದೆ. ಗಾಡಿ ಬೇಸ್‌ಮೆಂಟ್ ಒಳಗೆ ಬರಲ್ಲ, ಎತ್ತರ ಸಾಲದು. ಕಾರು ತಳ್ಳೋಣ ಅಂದರೆ ಕರೆಂಟ್ ಇಲ್ಲದೆ ಪಾರ್ಕಿಂಗ್ ಬ್ರೇಕ್ ಬಿಡಲ್ಲ. ಟೋಯಿಂಗ್‌ನವನು ಒಂದು ಜಂಪ್ ಸ್ಟಾರ್ಟರ್ ತಂದ, ಊಟದ ಡಬ್ಬಿಯಷ್ಟು ದೊಡ್ಡದು. ಕ್ಲಿಪ್ ಹಾಕಿದ. ಒಂದೇ ನಿಮಿಷದಲ್ಲಿ ಕಾರು ಎದ್ದು ಕೂತಿತು.

"ನಿಮ್ಮ ಸಣ್ಣ ಬ್ಯಾಟರಿ ಹೋಗಿದೆ ಅಕ್ಕಾ. ಅದೊಂದು ಚೇಂಜ್ ಮಾಡ್ಸಿ ಸಾಕು," ಅಂದ.

ನಾನು ಏನು ಮಾಡಿದೆ ಗೊತ್ತಾ? ಅವನ ಜೊತೆ ವಾದ ಮಾಡಿದೆ. ಫೋನ್ ತೆಗೆದು ಆ ಫೋಟೋ ತೋರಿಸಿದೆ. "ನೋಡಪ್ಪ, ಹದಿನಾಲ್ಕು ಪಾಯಿಂಟ್ ಎರಡು ಇದೆ, ಚೆಕ್ ಮಾಡಿಸಿದ್ದೇನೆ." ಅವನು ಫೋಟೋ ನೋಡಿದ, ನನ್ನ ಮುಖ ನೋಡಿದ, "ಸರಿ ಬಿಡಿ" ಅಂದ. ಆ "ಸರಿ ಬಿಡಿ" ಇವತ್ತಿಗೂ ಕಿವಿಯಲ್ಲಿದೆ. ಸರಿಯಾಗಿ ಹೇಳಿದವನು ಅವನೊಬ್ಬನೇ, ನಾನು ಅವನಿಗೇ ಪಾಠ ಮಾಡಿದೆ.

ಸರ್ವೀಸ್ ಸೆಂಟರ್‌ನವರು ಈ ಸಲ ಗಂಭೀರ ಮುಖ ಮಾಡಿದರು. ಎರಡು ದಿನ ಕಾರು ಇಟ್ಟುಕೊಂಡು ಫೋನ್ ಮಾಡಿದರು. "ಮೇಡಂ, ಹೈ ವೋಲ್ಟೇಜ್ ಕಡೆ ಪ್ರಾಬ್ಲಂ. ಡಿಸಿ-ಡಿಸಿ ಕನ್ವರ್ಟರ್ ಹೋಗಿದೆ. ಪಾರ್ಟ್ ಬರೋಕೆ ಮೂರು ವಾರ. ವಾರಂಟಿಯಲ್ಲಿ ಬರಲ್ಲ." ಹೇಳಿದ ಬೆಲೆಗೆ ಸಣ್ಣ ಬ್ಯಾಟರಿಗಳನ್ನು ಒಂದು ಕಪಾಟು ತುಂಬಾ ಜೋಡಿಸಬಹುದಿತ್ತು. ನಾನು ಹೂಂ ಅನ್ನುವುದರಲ್ಲಿದ್ದೆ. ನಿಜವಾಗಲೂ. ಅಡ್ವಾನ್ಸ್ ಎಷ್ಟು ಕಟ್ಟಬೇಕು ಅಂತಲೂ ಕೇಳಿಬಿಟ್ಟಿದ್ದೆ.

ಸಂಜೆ ತಮ್ಮನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಕ್ಕಾ, ಆ ಫೋಟೋ ತೆಗೆದಾಗ ಕಾರು ಆನ್ ಇತ್ತಾ?" ಅಂದ. ಇತ್ತು ಅಂದೆ.

"ಹಾಗಾದ್ರೆ ಆ 14.2 ಬ್ಯಾಟರಿದಲ್ಲ. ಕನ್ವರ್ಟರ್‌ದು."

ಪೆಟ್ರೋಲ್ ಕಾರಲ್ಲಿ ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ಕೊಡುವ ಆಲ್ಟರ್ನೇಟರ್ ಇವಿಯಲ್ಲಿ ಇಲ್ಲ. ಆ ಕೆಲಸ ಮಾಡುವುದೇ ಈ ಡಿಸಿ-ಡಿಸಿ ಕನ್ವರ್ಟರ್. ದೊಡ್ಡ ಬ್ಯಾಟರಿಯ ನೂರಾರು ವೋಲ್ಟ್ ಇಳಿಸಿ, ಸುಮಾರು 14 ವೋಲ್ಟ್ ಮಾಡಿ, ಸಣ್ಣ ಬ್ಯಾಟರಿಗೆ ಚಾರ್ಜ್ ಕೊಡುತ್ತೆ. ಕಾರು ಆನ್ ಇದ್ದಾಗ ಮೀಟರ್ ಹಿಡಿದರೆ ಕಾಣುವುದು ಅದು ಕೊಡುತ್ತಿರುವ ವೋಲ್ಟೇಜ್. ಬ್ಯಾಟರಿ ಅರ್ಧ ಸತ್ತಿದ್ದರೂ 14.2 ತೋರಿಸಬಹುದು. ಅಂದರೆ ಏನಾಯಿತು ನೋಡಿ. ಅವರು ಬ್ಯಾಟರಿ ಸರಿ ಇದೆ ಅಂತ ತೋರಿಸಿದ ಅಂಕೆಯಿಂದ ಬ್ಯಾಟರಿ ಸರಿ ಇದೆ ಅಂತ ಗೊತ್ತಾಗುವುದೇ ಇಲ್ಲ. ಅದರಿಂದ ಗೊತ್ತಾಗುವುದು ಒಂದೇ, ಕನ್ವರ್ಟರ್ ಸರಿ ಇದೆ ಅಂತ. ಅದೇ ಕನ್ವರ್ಟರ್ ಹೋಗಿದೆ ಅಂತ ಈಗ ದುಡ್ಡು ಕೇಳುತ್ತಿದ್ದಾರೆ! ಎರಡು ವಾರದಲ್ಲಿ ಅದೂ ಕೆಟ್ಟಿರಬಹುದಲ್ಲವಾ ಅಂತ ತಮ್ಮನನ್ನು ಕೇಳಿದೆ. "ಕೆಟ್ಟಿರಬಹುದು, ಆದ್ರೆ ಅಳೆಯದೆ ಹೇಗೆ ಹೇಳ್ತಾರೆ? ನಾಳೆ ನಾನೇ ಬರ್ತೀನಿ" ಅಂದ.

ಮಾರನೇ ದಿನ ಹೋದೆವು. ಕಾರು ಆಫ್ ಆಗಿ, ಬಾನೆಟ್ ತೆರೆದೇ ನಿಂತಿತ್ತು. ತಮ್ಮ ಯಾರನ್ನೂ ಕೇಳದೆ ಮೀಟರ್ ಇಟ್ಟ. 11.3. ಲೆಡ್ ಆಸಿಡ್ ಬ್ಯಾಟರಿ ಚೆನ್ನಾಗಿದ್ದು ಪೂರ್ತಿ ಚಾರ್ಜ್ ಇದ್ದರೆ ಸುಮ್ಮನೆ ನಿಂತಾಗ 12.6 ಆಸುಪಾಸು ಇರಬೇಕು. 12.2 ಅಂದರೇನೇ ಅರ್ಧ ಖಾಲಿ. 11.3 ಅಂದರೆ ಮುಗೀತು.

ಅಡ್ವೈಸರ್ ಬಂದರು. ಅವರ ಉತ್ತರಗಳನ್ನು ಇದ್ದ ಹಾಗೆ ಬರೆಯುತ್ತೇನೆ. ಮೊದಲನೆಯದು: "ಸರ್, ನಿಮ್ಮ ಮೀಟರ್ ಸರಿ ಇಲ್ಲ." ತಮ್ಮ ಪಕ್ಕದಲ್ಲಿ ನಿಂತಿದ್ದ ಇನ್ನೊಂದು ಕಾರಿಗೆ ಅದೇ ಮೀಟರ್ ಇಟ್ಟ. 12.6. ಎರಡನೆಯದು: "ಸಿಸ್ಟಂ ಕನ್ವರ್ಟರ್ ಅಂತಾನೇ ತೋರಿಸ್ತಿದೆ ಸರ್." ವೋಲ್ಟೇಜ್ ಬಿದ್ದರೆ ಸಿಸ್ಟಂ ಎಲ್ಲದರ ಮೇಲೂ ತಪ್ಪು ಹಾಕುತ್ತೆ, ನನ್ನ ಏರ್‌ಬ್ಯಾಗ್ ಮೇಲೂ ಹಾಕಿತ್ತು. ಮೂರನೆಯದು: "ಹೊರಗಡೆ ಬ್ಯಾಟರಿ ಹಾಕ್ಸಿದ್ರೆ ದೊಡ್ಡ ಬ್ಯಾಟರಿ ವಾರಂಟಿ ಹೋಗುತ್ತೆ." ಹಾಗಂತ ಬರೆದು ಕೊಡಿ ಅಂದೆ. ಬರೆದು ಕೊಡಲಿಲ್ಲ. (ಇಷ್ಟು ಹೊತ್ತೂ ಮಾತೆಲ್ಲ ತಮ್ಮನ ಜೊತೆಗೇ. ಕಾರು ನನ್ನದು, ದುಡ್ಡು ನನ್ನದು, "ಸರ್" ಮಾತ್ರ ಅವನಿಗೆ.)

ಕೊನೆಗೆ, ಏನೋ ಉಪಕಾರ ಮಾಡುವವರ ಹಾಗೆ, "ಸರಿ, ನಿಮಗೋಸ್ಕರ ಬ್ಯಾಟರಿ ಬದಲಾಯಿಸಿ ನೋಡೋಣ" ಅಂದರು. ಬದಲಾಯಿಸಿದರು. ಒಂದು ಗಂಟೆಯೂ ಹಿಡಿಯಲಿಲ್ಲ. ಹಳೆಯ ಎರರ್‌ಗಳನ್ನು ಅಳಿಸಿದ ಮೇಲೆ ಒಂದೇ ಒಂದು ದೀಪವೂ ವಾಪಸ್ ಬಂದಿಲ್ಲ. ಕನ್ವರ್ಟರ್ ಅದೇ ಹಳೆಯದು, ಇವತ್ತಿಗೂ 14.2 ಕೊಡುತ್ತಿದೆ.

ರೀಸೆಟ್ ದುಡ್ಡು, ಟೋಯಿಂಗ್ ದುಡ್ಡು ವಾಪಸ್ ಕೇಳಿದೆ. ಬಂದ ಉತ್ತರ ಇದು: "ಆವತ್ತು ಬ್ಯಾಟರಿ ಸರಿ ಇತ್ತು ಮೇಡಂ. ಫೋಟೋ ನಿಮ್ಮ ಹತ್ರಾನೇ ಇದೆಯಲ್ಲ."

ನನ್ನ ಫೋಟೋ! ನನಗೇ!

ನಿಮ್ಮ ಕಾರಿಗೆ ಮೂರ್ನಾಲ್ಕು ವರ್ಷ ಆಗಿದ್ದರೆ, ಸಂಬಂಧ ಇಲ್ಲದ ದೀಪಗಳು ಒಟ್ಟಿಗೆ ಹತ್ತುತ್ತಿದ್ದರೆ, ಮೊದಲು ಸಣ್ಣ ಬ್ಯಾಟರಿಯನ್ನೇ ನೋಡಿಸಿ. ರಾತ್ರಿ ಬಾನೆಟ್ ತೆರೆದಿಟ್ಟು, ಕಾರು ಲಾಕ್ ಮಾಡಿ, ಬೆಳಿಗ್ಗೆ ಬಾಗಿಲು ಮುಟ್ಟುವ ಮೊದಲು ಅಳೆಯಿರಿ, ಬಾಗಿಲು ತೆಗೆದರೆ ಕಾರು ಎಚ್ಚರ ಆಗಿಬಿಡುತ್ತೆ. ವೋಲ್ಟೇಜ್ ಸರಿ ಬಂದರೂ ಲೋಡ್ ಟೆಸ್ಟ್ ಕೇಳಿ, ಅಂದರೆ ಬ್ಯಾಟರಿ ಮೇಲೆ ಭಾರ ಹಾಕಿ ತಡೆಯುತ್ತಾ ಅಂತ ನೋಡುವುದು. ಕೆಲವು ಕಾರಲ್ಲಿ ಈ ಸಣ್ಣದೂ ಲಿಥಿಯಂ ಇರುತ್ತೆ, ಅದರ ಅಂಕೆಗಳು ಬೇರೆ, ಮ್ಯಾನ್ಯುಯಲ್ ನೋಡಿಕೊಳ್ಳಿ. ಕಿತ್ತಳೆ ಬಣ್ಣದ ವೈರ್ ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ, ಅದು ಹೈ ವೋಲ್ಟೇಜ್. ಜಂಪ್ ಸ್ಟಾರ್ಟರ್ ಒಂದು ತಗೊಳ್ಳಿ. ಬಾನೆಟ್ ಬಟನ್‌ನಲ್ಲಿ ತೆಗೆಯುವಂಥದ್ದಾದರೆ ಕರೆಂಟ್ ಹೋದಾಗ ಹೇಗೆ ತೆಗೆಯುವುದು ಅಂತ ಇವತ್ತೇ ಓದಿಡಿ. ಜಂಪ್ ಸ್ಟಾರ್ಟರ್ ಅನ್ನು ಅದೇ ಬಾನೆಟ್ ಒಳಗೆ ಇಡಬೇಡಿ, ನಾನು ಮೊದಲು ಅಲ್ಲೇ ಇಟ್ಟಿದ್ದೆ, ತಮ್ಮ ನಕ್ಕ ಮೇಲೆ ತೆಗೆದೆ.

ಸರ್ವೀಸ್ ಸೆಂಟರ್‌ಗೆ ಬರವಣಿಗೆಯಲ್ಲಿ ದೂರು ಕೊಟ್ಟು ಒಂಬತ್ತು ದಿನ ಆಯಿತು. "ಮ್ಯಾನೇಜರ್ ರಜೆಯಲ್ಲಿದ್ದಾರೆ" ಅಂತಿದ್ದಾರೆ. ಏನಾದರೂ ಉತ್ತರ ಬಂದರೆ ಇದರ ಕೆಳಗೇ ಸೇರಿಸುತ್ತೇನೆ.