ಇಳಿಜಾರಿನಲ್ಲಿ ಮನೆ: ಅಣ್ಣನದು ಮಟ್ಟ, ನನ್ನದು ಮೆಟ್ಟಿಲು

ಖಾನಾಪುರ ತಾಲ್ಲೂಕಿನ ನಮ್ಮ ಗೇರು ತೋಟದ ಇಳಿಜಾರಿನಲ್ಲಿ ಎರಡು ಮನೆಗಳಿವೆ. ಒಂದು ಅಣ್ಣನದು, 2018ರಲ್ಲಿ ಕಟ್ಟಿದ್ದು. ಇನ್ನೊಂದು ನನ್ನದು, ಮೂರು ವರ್ಷ ತಡವಾಗಿ ಎದ್ದದ್ದು. ಎರಡರ ನಕ್ಷೆಯನ್ನೂ ನಾನೇ ಹಾಕಿದೆ, ಗೌಂಡಿಯೂ ಒಬ್ಬರೇ. ನಡುವೆ ಒಂದು ಹಲಸಿನ ಮರ, ಅಷ್ಟೇ ಅಂತರ. ಎರಡೂ ಮನೆಗಳಲ್ಲಿ ಮಳೆಗಾಲ ಕಳೆದಿದ್ದೇನೆ. ಬೆಳಗಾವಿಯಿಂದ ಗುಡ್ಡದ ಜಾಗ ನೋಡಲು ಬರುವವರು ಮೊದಲು ಕೇಳುವುದು, “ಜೆಸಿಬಿ ತರಿಸಿ ಮಟ್ಟ ಮಾಡಿಸಿಬಿಡೋಣೇನ್ರಿ?” ಎಂದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಜಾಗದಲ್ಲಿ 40 ಅಡಿ ಉದ್ದಕ್ಕೆ 8 ಅಡಿ ಇಳಿತವಿದೆ. ಅಣ್ಣನ ಮನೆಗೆ ಹಿಂದೆ 4 ಅಡಿ ಕಡಿದು, ಆ ಮಣ್ಣನ್ನೇ ಮುಂದೆ 4 ಅಡಿ ತುಂಬಿದೆವು. ಮೇಲೆ ಆರ್‌ಸಿಸಿ ಸ್ಲ್ಯಾಬ್. ಕೆಲಸ ಬೇಗ ಮುಗಿಯಿತು, ನಕ್ಷೆಯೂ ಸರಳ. ಮಣ್ಣು ಕುಸಿಯದಂತೆ ಹಿಂದೆ ಒಂದು ತಡೆಗೋಡೆ ಕಟ್ಟಿಸಿದೆ. ಆಗ ಗೌಂಡಿ ಹೇಳಿದ್ದು ಈಗಲೂ ಕಿವಿಯಲ್ಲಿದೆ: “ಸಾಹೇಬ್ರ, ಈ ಕೆಂಪ ಮಣ್ಣ ಗ್ವಾಡಿ ಹಿಂದ ಹಾಕಬ್ಯಾಡ್ರಿ. ಖಡಿ ತರಸ್ರಿ, ಖಡಿ.” ಖಡಿ ಎಂದರೆ ಜಲ್ಲಿಕಲ್ಲು. ಅದಕ್ಕೆ ಖರ್ಚು ಜಾಸ್ತಿಯಾಗುತ್ತದೆಂದು ನಾನು ಒಪ್ಪಲಿಲ್ಲ. ಅದು ನನ್ನ ತಪ್ಪು.

ಮಲಪ್ರಭೆ ಹುಟ್ಟುವ ಕಣಕುಂಬಿ ನಮ್ಮ ತಾಲ್ಲೂಕಿನದೇ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸುಲಭಕ್ಕೆ ಬಿಡುವುದಿಲ್ಲ. 2019ರ ಆಗಸ್ಟ್‌ನಲ್ಲಂತೂ ಜಿಲ್ಲೆಯ ಉದ್ದಗಲಕ್ಕೂ ಮನೆಗಳು ಬಿದ್ದವು. ಅಣ್ಣನ ಮನೆ ಬೀಳಲಿಲ್ಲ, ಆದರೆ ತನ್ನ ನೋವನ್ನೆಲ್ಲ ತೋರಿಸಿತು. ನೀರು ಕುಡಿದ ಮಣ್ಣಿನ ಭಾರಕ್ಕೆ ತಡೆಗೋಡೆ ನಡುವೆ ಹೊಟ್ಟೆ ಬಿಟ್ಟಿತು. ಅಡಿಗೆಮನೆಯ ಹಿಂಗೋಡೆ ಸೊಂಟದ ಎತ್ತರದವರೆಗೆ ಒದ್ದೆಯಾಗಿ ಗಿಲಾವು ಹೊಪ್ಪಳಿಕೆ ಎದ್ದಿತು. ಪಡಸಾಲೆಯ ಫರ್ಸಿಯಲ್ಲಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ನೇರ ಬಿರುಕು ಬಿತ್ತು. ರೂಪಾಯಿ ನಾಣ್ಯ ಅದರಲ್ಲಿ ಒಳಗಿಳಿಯುತ್ತಿತ್ತು. ಬಿರುಕು ಬಿದ್ದ ಜಾಗ ಯಾವುದು ಗೊತ್ತೇ? ಕಡಿದ ನೆಲ ಮುಗಿದು ತುಂಬಿದ ಮಣ್ಣು ಶುರುವಾಗುವ ಗೆರೆ. ಕಡಿದ ಕಡೆ ನೆಲ ಗಟ್ಟಿ, ಅಲುಗುವುದಿಲ್ಲ. ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ. ಮನೆಗೆ ಒಂದು ಕಾಲು ಬಂಡೆಯ ಮೇಲೆ, ಇನ್ನೊಂದು ಹಾಸಿಗೆಯ ಮೇಲೆ ಇಟ್ಟಂತಾಯಿತು.

ಆಮೇಲೆ ಗೋಡೆಯ ಹಿಂದಿನ ಮಣ್ಣು ತೆಗೆಸಿ ಖಡಿ ತುಂಬಿಸಿದೆ. ಐದೈದು ಅಡಿಗೆ ಒಂದರಂತೆ ನೀರು ಹೊರಬರಲು ಪೈಪು ಇಟ್ಟೆ. ಮೇಲ್ಗಡೆ ಅಡ್ಡಕ್ಕೆ ಕಾಲುವೆ ತೋಡಿ ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಿದೆ. ಈಗ ಗೋಡೆ ಒಣಗಿದೆ. ಆದರೆ ಮಟ್ಟ ಮಾಡಿ ಉಳಿಸಿದ ಹಣ ಈ ರಿಪೇರಿಗೇ ಹೋಯಿತು.

ನನ್ನ ಮನೆಯ ಹೊತ್ತಿಗೆ ಬುದ್ಧಿ ಬಂದಿತ್ತು. ಗುಡ್ಡವನ್ನು ಆದಷ್ಟು ಮುಟ್ಟದೆ ಮನೆಯನ್ನೇ ಮೂರು ಹಂತವಾಗಿ ಇಳಿಸಿದೆ. ಹಂತದಿಂದ ಹಂತಕ್ಕೆ ಎರಡೂವರೆ ಅಡಿ, ಅಂದರೆ ಆರಾರು ಇಂಚಿನ ಐದು ಪಾವಟಿಗೆ. ವಾಸ್ತುಶಿಲ್ಪಿ ಲಾರಿ ಬೇಕರ್ ತಿರುವನಂತಪುರದಲ್ಲಿ ಕಡಿದಾದ ಕಲ್ಲುಗುಡ್ಡದ ಮೇಲೆ ಕಟ್ಟಿಕೊಂಡ ‘ಹ್ಯಾಮ್ಲೆಟ್’ ಎಂಬ ಸ್ವಂತ ಮನೆಯೂ ಇಳಿಜಾರನ್ನು ಅನುಸರಿಸಿಯೇ ಇದೆ. ನನಗೆ ಧೈರ್ಯ ಬಂದದ್ದು ಅದರಿಂದ. ಗೌಂಡಿ ಮತ್ತು ನಾನು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಬ್ಬೊಬ್ಬರು ಒಂದೊಂದು ತುದಿ ಹಿಡಿದು, ಎರಡು ದಿನ ಮಟ್ಟ ಗುರುತಿಸಿದೆವು. ಪಾಯಾ ತೋಡುವ ಮಣ್ಣು ಬಿಟ್ಟರೆ ಬೇರೆ ಮಣ್ಣು ಎದ್ದಿದ್ದು ಬಹಳ ಕಡಿಮೆ. ಇಷ್ಟು ಮಳೆಗಾಲ ಕಳೆದರೂ ನೆಲದಲ್ಲಿ ಕೂದಲೆಳೆಯ ಬಿರುಕೂ ಇಲ್ಲ.

ಗೋಡೆಗೆ ಜಂಬಿಟ್ಟಿಗೆ ಕಲ್ಲು. ಹೊಸದಾಗಿ ಕಡಿದಾಗ ಕೊಡಲಿಗೆ ಬಗ್ಗುವಷ್ಟು ಮೆತ್ತಗಿದ್ದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಕಲ್ಲು ಅದು. ಚೆಂದ ಕಾಣಲೆಂದು ಗಿಲಾವು ಮಾಡದೆ ಬಿಟ್ಟೆ. ಮೂಡಣ ಗೋಡೆ ಚೆನ್ನಾಗಿಯೇ ಇದೆ. ಪಡುವಣ ಗೋಡೆ ಮಾತ್ರ ಇರಚಲು ಹೊಡೆತಕ್ಕೆ ಒಳಗೆ ಬೆವರಿತು. ಸೂರನ್ನು ಮೂರು ಅಡಿ ಹೊರಗೆ ಚಾಚಿಸಿದ ಮೇಲೆ ನಿಂತಿತು. ಮೇಲೆ ಹೆಂಚು. ಖಾನಾಪುರದ ಹೆಂಚಿಗೆ ಮೊದಲಿನಿಂದಲೂ ಹೆಸರಿದೆ. ಏಪ್ರಿಲ್ ರಾತ್ರಿ ಅಣ್ಣನ ಸ್ಲ್ಯಾಬಿನ ಕೆಳಗೆ ಮಲಗಿದರೆ ಹಗಲಿನ ಬಿಸಿಲೆಲ್ಲ ಮೈಮೇಲೆ ಇಳಿಯುತ್ತದೆ, ನಮ್ಮಲ್ಲಿ ಹತ್ತು ಗಂಟೆಗೆಲ್ಲ ತಂಪು. ಆದರೆ ಮುಸುವಗಳು ಓಡಾಡಿ ಹೆಂಚು ಒಡೆಯುತ್ತವೆ. ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಮೇಲೆ ಹತ್ತಿ ಒಡೆದದ್ದನ್ನು ಬದಲಿಸಲೇಬೇಕು. ಸ್ಲ್ಯಾಬಿಗೆ ಆ ಕಾಟವಿಲ್ಲ.

ಆದರೂ ನನ್ನ ಮನೆಯಲ್ಲಿ ಅಣ್ಣನ ಮನೆಯಲ್ಲಿಲ್ಲದ ಒಂದು ದೊಡ್ಡ ದೋಷವಿತ್ತು. ಅವ್ವನಿಗೆ 74 ವರ್ಷ, ಮೊಣಕಾಲು ನೋವು. ಅವಳ ಕೋಣೆ ಮೇಲಿನ ಹಂತದಲ್ಲಿ, ಬಚ್ಚಲು ನಡುವಿನ ಹಂತದಲ್ಲಿ. ಒಂದು ರಾತ್ರಿ ಎಚ್ಚರಾಗಿ ನೋಡಿದರೆ, ಕತ್ತಲಲ್ಲಿ ಗೋಡೆ ಹಿಡಿದು, ಹೆಬ್ಬೆರಳಿನಿಂದ ಪಾವಟಿಗೆಯ ಅಂಚು ತಡಕಾಡುತ್ತ ನಿಂತಿದ್ದಳು. “ಎಷ್ಟ ಪಾವಟಗಿ ಹತ್ತಿ ಇಳೀಲೋ ಮಗನ” ಎಂದಳು. ನಕ್ಷೆ ಹಾಕುವಾಗ ಗುಡ್ಡದ ಇಳಿಜಾರು ನೋಡಿದ್ದೆ, ನೀರು ಹರಿಯುವ ದಿಕ್ಕು ನೋಡಿದ್ದೆ, ಅವ್ವನ ಮೊಣಕಾಲು ನೋಡಿರಲಿಲ್ಲ. ಮಾರನೆಯ ತಿಂಗಳೇ ಅವಳ ಮಂಚವನ್ನು ನಡುವಿನ ಹಂತಕ್ಕೆ ತಂದು, ಅಡಿಗೆಮನೆ, ಬಚ್ಚಲು, ಹೊರಗಿನ ಕಟ್ಟೆ ಎಲ್ಲವೂ ಅದೇ ಮಟ್ಟದಲ್ಲಿ ಸಿಗುವಂತೆ ಮಾಡಿದೆ. ಪಾವಟಿಗೆಗಳ ಅಂಚಿಗೆ ಬಿಳಿ ಬಣ್ಣ ಬಳಿದೆ.

ಅಣ್ಣನ ಕಡೆಯೂ ನ್ಯಾಯವಾಗಿ ನೋಡಬೇಕು. ಅವನದು ಒಕ್ಕಲುತನ. ಟ್ರ್ಯಾಕ್ಟರ್ ನಿಲ್ಲಬೇಕು, ಭತ್ತ ಒಣಗಿಸಬೇಕು, ಗೇರುಬೀಜ ಹರಡಬೇಕು. ನನ್ನ ಅಂಗಳದಲ್ಲಿ ಒಂದು ಚಾಪೆ ಹಾಸಿದರೂ ಬೀಜ ಉರುಳಿ ಹೋಗುತ್ತದೆ. ಸುಗ್ಗಿಯಲ್ಲಿ ನಮ್ಮ ಗೇರುಬೀಜವೂ ಅವನ ಅಂಗಳದಲ್ಲೇ ಒಣಗುವುದು.

ಮೂರನೆಯ ದಾರಿ ಕಂಬದ ಮೇಲೆ ಮನೆ. ಸ್ನೇಹಿತರೊಬ್ಬರಿಗೆ ಹಾಗೆ ಮಾಡಿಕೊಟ್ಟೆ. ಬಹಳ ಕಡಿದಾದ ಜಾಗಕ್ಕೆ, ನಡುವೆ ಮಳೆನೀರಿನ ಹಾದಿ ಇದ್ದರೆ, ಅದು ಸರಿ. ಆದರೆ ಡಿಸೆಂಬರ್‌ನಲ್ಲಿ ಕೆಳಗಿನಿಂದ ಗಾಳಿ ಹೊಡೆದು ನೆಲ ಕೊರೆಯುತ್ತದೆ. ದನ ಸಾಕುವ ಮನೆಗೆ ನಾನು ಅದನ್ನು ಹೇಳುವುದಿಲ್ಲ.

ಈಗ ನನ್ನನ್ನು ಕೇಳಿದವರಿಗೆ ಮೂರಲ್ಲ, ಎರಡೇ ಹಂತದ ಮನೆ ಹೇಳುತ್ತೇನೆ. ವಯಸ್ಸಾದವರಿಗೆ ಬೇಕಾದದ್ದೆಲ್ಲ ಒಂದೇ ಹಂತದಲ್ಲಿ. ಗುಡ್ಡ ಕಡಿಯಲೇಬೇಕಿದ್ದರೆ ರಸ್ತೆ ಬದಿಯಲ್ಲಿ ಅಂಗಳಕ್ಕಷ್ಟೇ ಕಡಿಯಲಿ, ಮನೆಯ ಪಾಯಾ ಮಾತ್ರ ಕಡಿಯದ ನೆಲದಲ್ಲೇ ಕೂರಲಿ. ದನದ ಕೊಟ್ಟಿಗೆ ಮನೆಗಿಂತ ಕೆಳಗಿರಲಿ, ಗಂಜಲ ತಾನಾಗಿ ತಿಪ್ಪೆಗೆ ಹೋಗುತ್ತದೆ. ನಕ್ಷೆಗೆ ಮುಂಚೆ ಒಂದು ಸಲ ಜುಲೈನಲ್ಲಿ ಜಾಗಕ್ಕೆ ಹೋಗಿ ನಿಲ್ಲಬೇಕು. ಕಳೆದ ಮಳೆಗಾಲದಲ್ಲಿ ನಿವೃತ್ತ ಮಾಸ್ತರರೊಬ್ಬರ ಹೊಲದಲ್ಲಿ ಅವರೂ ನಾನೂ ಕೊಡೆ ಹಿಡಿದು, ನೀರು ಹರಿದಲ್ಲೆಲ್ಲ ಹನ್ನೊಂದು ಗೂಟ ನೆಟ್ಟು ಬಂದೆವು. ಅವರು ಮನೆ ಬೇಕೆಂದು ತೋರಿಸಿದ್ದ ಜಾಗದ ನಡುವೆಯೇ ನಾಲ್ಕು ಗೂಟ ಬಿದ್ದಿದ್ದವು. ಮನೆಯನ್ನು 20 ಅಡಿ ಪಕ್ಕಕ್ಕೆ ಸರಿಸಿ ನಕ್ಷೆ ಶುರು ಮಾಡಿದ್ದೇನೆ.