ಪೆಟ್ರೋಲ್ ಮೀಟರ್ ಕೆಟ್ಟಾಗ: ಶುಚಿ ಮಾಡುವುದೇ, ಸೆಂಡರ್ ಬದಲಿಸುವುದೇ, ಪೂರ್ತಿ ಅಸೆಂಬ್ಲಿ ಹಾಕಿಸುವುದೇ?

ನನ್ನ ಹನ್ನೊಂದು ವರ್ಷದ ಕಾರಿನ ಪೆಟ್ರೋಲ್ ಮೀಟರಿನ ಮುಳ್ಳು, ಟ್ಯಾಂಕ್ ತುಂಬಿಸಿದ ಮೇಲೂ ಅರ್ಧದಲ್ಲೇ ನಿಲ್ಲತೊಡಗಿತು. ರಸ್ತೆಯುಬ್ಬು ದಾಟಿದರೆ ಪೂರ್ತಿ ಕೆಳಗಿಳಿದು, ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಮೇಲೇರುತ್ತಿತ್ತು. ಗ್ಯಾರೇಜಿನಲ್ಲಿ ಕೇಳಿದಾಗ, ಟ್ಯಾಂಕಿನ ಮುಚ್ಚಳವನ್ನೂ ತೆರೆಯದೆ, “ಪಂಪ್ ಅಸೆಂಬ್ಲಿ ಪೂರ್ತಿ ಹಾಕಿಸಿಬಿಡಿ ಸರ್” ಎಂದರು. ಅಸೆಂಬ್ಲಿ ಎಂದರೆ ಟ್ಯಾಂಕಿನೊಳಗಿನ ಪಂಪೂ ಸೆಂಡರೂ ಒಟ್ಟಿಗಿರುವ ಭಾಗ; ಸೆಂಡರ್ ಎಂದರೆ ಪೆಟ್ರೋಲಿನ ಮಟ್ಟಕ್ಕೆ ತಕ್ಕಂತೆ ವಿದ್ಯುತ್ ಪ್ರತಿರೋಧ ಬದಲಿಸಿ ಮೀಟರಿಗೆ ತಿಳಿಸುವ ಬಿಡಿಭಾಗ. ಅದನ್ನು ಒಪ್ಪದೆ ಎರಡು ಬೇರೆ ದಾರಿಗಳನ್ನು ನನ್ನ ಕಾರಿನಲ್ಲೇ ಪರೀಕ್ಷಿಸಿದೆ. ಅಸೆಂಬ್ಲಿ ಬದಲಿಸಿದ ಅನುಭವ ಅದೇ ಮಾದರಿಯ ನನ್ನ ಅಕ್ಕನ ಕಾರಿನಿಂದ ದೊರೆಯಿತು.

ಯಾವ ದಾರಿ ಹಿಡಿಯುವ ಮೊದಲೂ ದೋಷ ಟ್ಯಾಂಕಿನ ಒಳಗಿದೆಯೇ ಹೊರಗಿದೆಯೇ ಎಂಬುದನ್ನು ತಿಳಿಯಲೇಬೇಕು. ಹಿಂದಿನ ಸೀಟು ಎತ್ತಿ, ಪಂಪಿನ ಮೇಲಿನ ಕನೆಕ್ಟರ್ ಕಳಚಿ, ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಅರ್ಧ ಟ್ಯಾಂಕಿಗೆ ಕೊಟ್ಟಿರುವ ಓಮ್ (ಪ್ರತಿರೋಧದ ಅಳತೆ) ಬೆಲೆಯ ಒಂದು ರೆಸಿಸ್ಟರನ್ನು ಮೀಟರಿಗೆ ಹೋಗುವ ತಂತಿಗೂ ಅರ್ತ್ ತಂತಿಗೂ ನಡುವೆ ಜೋಡಿಸಿದೆ. ಮುಳ್ಳು ನಿಧಾನವಾಗಿ ಚಲಿಸುವಂತೆ ರೂಪಿಸಿರುವುದರಿಂದ ಒಂದೆರಡು ನಿಮಿಷ ಕಾಯಬೇಕಾಯಿತು. ಅದು ಸರಿಯಾಗಿ ಅರ್ಧಕ್ಕೆ ಬಂದು ನಿಂತಿತು. ಅಂದರೆ ಮೀಟರೂ ತಂತಿಯೂ ಸರಿಯಿವೆ, ದೋಷ ಟ್ಯಾಂಕಿನಲ್ಲಿರುವ ಸೆಂಡರಿನದು. ಮುಳ್ಳು ಅಲುಗದಿದ್ದರೆ ಫ್ಯೂಸ್, ತುಕ್ಕು ಹಿಡಿದ ಅರ್ತ್ ಸಂಪರ್ಕ ಮತ್ತು ಮೀಟರನ್ನು ನೋಡಬೇಕಿತ್ತು. ಕೆಲವೇ ರೂಪಾಯಿಯ ಈ ಪರೀಕ್ಷೆ ಮಾಡದೆ ಯಾರೂ ಬಿಡಿಭಾಗ ತರಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಮೊದಲು ಶುಚಿ ಮಾಡಿ ನೋಡಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದ ದಿನ, ಬಯಲಿನಲ್ಲಿ, ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಿ, ಬ್ಯಾಟರಿಯ ನೆಗೆಟಿವ್ ಕಳಚಿದ ಮೇಲೆಯೇ ಪಂಪನ್ನು ಹೊರತೆಗೆದೆ. ಅದರೊಂದಿಗಿದ್ದ ಸೆಂಡರಿನ ಹೆಬ್ಬೆರಳಿನಷ್ಟಗಲದ ಪಿಂಗಾಣಿ ಫಲಕದ ಮೇಲೆ ಸಣ್ಣ ಗೆರೆಗಳಿದ್ದವು. ಪೆಟ್ರೋಲಿನ ಮೇಲೆ ತೇಲುವ ಫ್ಲೋಟಿನ ತೋಳಿನೊಂದಿಗೆ ಅವುಗಳ ಮೇಲೆ ಜಾರುವ ಲೋಹದ ತುದಿಗಳು ಕಪ್ಪಾಗಿದ್ದವು, ನಡುಭಾಗದಲ್ಲಿ ಗೆರೆಗಳೇ ಸವೆದಿದ್ದವು. ಮಲ್ಟಿಮೀಟರ್ ಹಿಡಿದು ತೋಳನ್ನು ಮೆಲ್ಲಗೆ ಎತ್ತಿದರೆ ಓಮ್ ಸಮವಾಗಿ ಬದಲಾಗುತ್ತಾ ಬಂದು, ಆ ಸವೆದ ಜಾಗದಲ್ಲಿ ಸಂಪರ್ಕ ಪೂರ್ತಿ ಕಡಿದುಹೋಗುತ್ತಿತ್ತು. ಬೆಳ್ಳಿ ಬೆರೆತ ಸಂಪರ್ಕಗಳನ್ನು ಪೆಟ್ರೋಲಿನ ಗಂಧಕ ಕಪ್ಪಾಗಿಸುತ್ತದೆ. 2020ರ ಏಪ್ರಿಲ್‌ನಿಂದ ದೇಶದಾದ್ಯಂತ ಬಂದ ಬಿಎಸ್-6 (ಭಾರತ್ ಸ್ಟೇಜ್ ಮಾಲಿನ್ಯ ಮಾನದಂಡದ) ಇಂಧನದಲ್ಲಿ ಗಂಧಕದ ಮಿತಿ 50 ಪಿಪಿಎಂನಿಂದ (ಹತ್ತು ಲಕ್ಷಕ್ಕೆ 50 ಭಾಗ) 10ಕ್ಕೆ ಇಳಿದಿದ್ದರೂ, ನನ್ನ ಕಾರು ಅದಕ್ಕೂ ಮೊದಲೇ ಹಲವು ವರ್ಷ ಓಡಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸಿ, ತುದಿಗಳು ಸವೆಯದ ಭಾಗದ ಮೇಲೆ ಜಾರುವಂತೆ ಕೂದಲೆಳೆಯಷ್ಟು ಬಾಗಿಸಿದೆ. ಉಪ್ಪುಕಾಗದವನ್ನು ಮಾತ್ರ ಮುಟ್ಟಲಿಲ್ಲ, ಏಕೆಂದರೆ ಅದು ಆ ತೆಳು ಲೇಪವನ್ನೇ ಕೆರೆದುಬಿಡುತ್ತದೆ. ಮೀಟರ್ ನಾಲ್ಕು ತಿಂಗಳು ಚೆನ್ನಾಗಿ ನಡೆದು, ಮತ್ತೆ ಹಳೆಯ ಚಾಳಿಗೆ ಬಿತ್ತು.

ಆಗ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಸೆಂಡರನ್ನಷ್ಟೇ ತಂದೆ; ಅದರ ಬೆಲೆ ಅಸೆಂಬ್ಲಿಯ ಬೆಲೆಯ ಐದನೇ ಒಂದು ಭಾಗವೂ ಇರಲಿಲ್ಲ. ಆದರೆ ಮೊದಲು ಕೊಟ್ಟ ಬಿಡಿಭಾಗ ನೋಡಲು ತದ್ರೂಪಿಯಾಗಿದ್ದರೂ ಅದರ ಓಮ್ ಬೆಲೆಗಳು ಬೇರೆಯಾಗಿದ್ದವು. ಕೂರಿಸುವ ಮುನ್ನ ಅಳೆದಿದ್ದರಿಂದ ಬದಲಿಸಿಕೊಳ್ಳಲು ಸಾಧ್ಯವಾಯಿತು. ಈ ಭಾಗಕ್ಕೆ ಎಲ್ಲ ತಯಾರಕರಿಗೂ ಒಂದೇ ಅಳತೆಯಿಲ್ಲ. ಕೆಲವು ಕಾರುಗಳಲ್ಲಿ ಟ್ಯಾಂಕ್ ತುಂಬಿದಾಗ ಓಮ್ ಹೆಚ್ಚು, ಇನ್ನು ಕೆಲವುಗಳಲ್ಲಿ ಕಡಿಮೆ. ಟ್ಯಾಂಕಿನ ಬಾಯಿಯ ರಬ್ಬರ್ ರಿಂಗನ್ನೂ ಆಗಲೇ ಹೊಸದಾಗಿ ಹಾಕಬೇಕು, ಇಲ್ಲವಾದರೆ ಕಾರಿನೊಳಗೆ ಪೆಟ್ರೋಲ್ ವಾಸನೆ ಬರತೊಡಗುತ್ತದೆ.

ಅಕ್ಕನ ಕಾರಿನಲ್ಲಿ ಪಂಪೂ ಗುಂಯ್‌ಗುಡುತ್ತಿತ್ತು, ಬೆಳಿಗ್ಗೆ ಎಂಜಿನ್ ಹಿಡಿಯಲು ತಡವಾಗುತ್ತಿತ್ತು. ಅಲ್ಲಿ ಪೂರ್ತಿ ಅಸೆಂಬ್ಲಿ ಹಾಕಿಸಿದ್ದು ಸರಿಯಾದ ನಿರ್ಧಾರವೇ. ಪಂಪ್ ಗಟ್ಟಿಯಾಗಿದ್ದ ನನ್ನ ಕಾರಿಗೆ ಅದು ಅನಗತ್ಯ ಖರ್ಚಾಗುತ್ತಿತ್ತು.

ರಿಪೇರಿಗೆ ಸಮಯವಿಲ್ಲದ ವಾರಗಳಲ್ಲಿ ಟ್ಯಾಂಕ್ ತುಂಬಿಸಿ ಟ್ರಿಪ್ ಮೀಟರನ್ನು ಸೊನ್ನೆಗೆ ತಂದು ಓಡಿಸಿದ್ದೂ ಉಂಟು. ಹೆದ್ದಾರಿಯಲ್ಲಿ ಅದು ನಂಬಬಹುದಾದ ಲೆಕ್ಕ. ನಗರದ ಟ್ರಾಫಿಕ್ಕಿನಲ್ಲಿ ಕಿಲೋಮೀಟರ್ ಏರದೆ ಪೆಟ್ರೋಲ್ ಮಾತ್ರ ಇಳಿಯುವುದರಿಂದ ಅರ್ಧ ಟ್ಯಾಂಕಿಗೇ ಬಂಕಿಗೆ ಹೋಗುತ್ತಿದ್ದೆ. ಟ್ಯಾಂಕಿನಲ್ಲಿ ಮುಳುಗಿರುವ ಪಂಪಿಗೆ ತಂಪು ಸಿಗುವುದು ಪೆಟ್ರೋಲಿನಿಂದಲೇ, ಅದನ್ನು ಬರಿದಾಗಿಸುವುದು ಒಳ್ಳೆಯದಲ್ಲ.

ಹೊಸ ಸೆಂಡರ್ ಕೂರಿಸಿದ ಮೇಲೆ, ಕಡಿಮೆ ಇಂಧನದ ದೀಪ ಹೊತ್ತಿದ ತಕ್ಷಣ ಬಂಕಿಗೆ ಹೋಗಿ ತುಂಬಿಸಿದೆ. 35 ಲೀಟರಿನ ಟ್ಯಾಂಕಿಗೆ 29 ಲೀಟರ್ ಹಿಡಿಯಿತು. ಹಾಗಾಗಿ ದೀಪ ಹೊತ್ತಿದಾಗ ಸುಮಾರು ಆರು ಲೀಟರ್ ಉಳಿದಿರುತ್ತದೆ ಎಂದು ಈಗ ಬರೆದಿಟ್ಟುಕೊಂಡಿದ್ದೇನೆ.